ಹೊಂಡುರಾಸಿನ ರಜೆಯ ವಾರ

೨೦೨೩ರಲ್ಲಿ ನಾನು ದುಬೈಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪೇಷೆಂಟ್ ರಿಲೇಶನ್ಸ್ ವಿಭಾಗದ ಹಿರಿಯ ಕೋಆರ್ಡಿನೇಟರ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಮಾತ್ರ ಒಂದೇ: ರೋಗಿಯ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ವಿಮಾ ಕಂಪನಿಗೆ, ಇವರೆಲ್ಲರ ಮಾತನ್ನು ಎಲ್ಲೋ ದೂರದ ಊರಿನಲ್ಲಿರುವ ಮನೆಯವರಿಗೆ ಮುಟ್ಟಿಸುವುದು. ಅಷ್ಟರಲ್ಲಿ ಆ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷವಾಗಿತ್ತು. ಊರು ಕರಾವಳಿಯ ಶಿರ್ವದ ಹತ್ತಿರ, ಮನೆಮಾತು ಕೊಂಕಣಿ, ವಾಸ ದುಬೈಯ ಅಲ್ ನಹ್ದಾ ಬಡಾವಣೆಯ ಒಂದು ಫ್ಲಾಟಿನಲ್ಲಿ. ಕಠ್ಮಂಡುವಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಬೇಕು, ಮನಿಲಾದಲ್ಲಿ ಯಾವ ದಿನ ಕಚೇರಿ ಇರುವುದಿಲ್ಲ, ಓಣಂ ವಾರದಲ್ಲಿ ಕೇರಳದಲ್ಲಿ ಯಾರನ್ನು ಹಿಡಿಯಬಹುದು ಎಂಬುದೆಲ್ಲ ನನಗೆ ಬಾಯಿಪಾಠವಿತ್ತು. ಮಧ್ಯ ಅಮೆರಿಕ ಮಾತ್ರ ಗೊತ್ತಿರಲಿಲ್ಲ. ಅಲ್ಲಿಂದ ನಮಗೆ ರೋಗಿಗಳೇ ಬರುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಯ ವಾರ, ಬುಧವಾರದಂದು, ಸಮುದ್ರದಲ್ಲಿ ಲಂಗರು ಹಾಕಿದ್ದ ಒಂದು ಟಗ್ಗಿನಿಂದ ವಿಲ್ಮರ್ ಎಂಬವನನ್ನು ಕರೆತಂದರು. ಟಗ್ ಎಂದರೆ ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ಹಡಗು. ವಿಲ್ಮರ್ ಅದರ ಇಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ. ವಯಸ್ಸು ಮೂವತ್ತನಾಲ್ಕು, ದೇಶ ಹೊಂಡುರಾಸ್. ಹೊಟ್ಟೆನೋವು ಎಂದು ಎರಡು ದಿನ ಮಾತ್ರೆ ನುಂಗಿ ತಡೆದುಕೊಂಡಿದ್ದನಂತೆ. ಪರೀಕ್ಷೆ ಮಾಡಿದಾಗ ಪಿತ್ತಕೋಶದ ಕಲ್ಲೊಂದು ಜಾರಿ ಪ್ಯಾಂಕ್ರಿಯಾಸಿನ ನಾಳಕ್ಕೆ ಅಡ್ಡ ಕೂತಿತ್ತು. ಪ್ಯಾಂಕ್ರಿಯಾಸ್ ಜೀರ್ಣರಸ ತಯಾರಿಸುವ ಗ್ರಂಥಿ. ದಾರಿ ಕಟ್ಟಿದರೆ ಆ ರಸ ಗ್ರಂಥಿಯನ್ನೇ ತಿನ್ನಲು ಶುರು ಮಾಡುತ್ತದೆ. ಹೆಚ್ಚಿನವರಿಗೆ ವಾರದಲ್ಲಿ ಗುಣವಾಗುತ್ತದೆ. ಕೆಲವರಿಗೆ ಆಗುವುದಿಲ್ಲ. ಯಾರಿಗೆ ಆಗುವುದಿಲ್ಲ ಎಂದು ಮೊದಲ ದಿನ ಯಾರೂ ಹೇಳಲಾರರು.

ಗುರುವಾರ ನಾನು ಅವನನ್ನು ನೋಡಲು ಹೋದೆ. ಹಡಗಿನಲ್ಲಿ ಕಲಿತ ಇಂಗ್ಲಿಷ್ ಅವನಿಗೆ ಸಾಕಷ್ಟು ಬರುತ್ತಿತ್ತು. ನೋವು ಹೆಚ್ಚಾದಾಗ ಮಾತ್ರ ಸ್ಪ್ಯಾನಿಷ್‌ಗೆ ಜಾರುತ್ತಿದ್ದ. ಒಮ್ಮೆ ಕೈ ಚಾಚಿ "ಮೇಸಾ, ಮೇಸಾ" ಎಂದ. ಅವನು ಇಂಗ್ಲಿಷಿನಲ್ಲಿ ತಿದ್ದಿ ಹೇಳುವ ಮೊದಲೇ ನಾನು ಮೇಜನ್ನು ಹಾಸಿಗೆಯ ಹತ್ತಿರ ತಳ್ಳಿದ್ದೆ. ನಮ್ಮಲ್ಲೂ ಅದಕ್ಕೆ ಮೇಜು ಎಂದೇ ಹೇಳುತ್ತೇವೆ ಎಂದೆ. ಚರ್ಚಿಗೆ ಏನು ಹೇಳುತ್ತೀರಿ, ಹಬ್ಬಕ್ಕೆ ಏನು ಹೇಳುತ್ತೀರಿ ಎಂದು ಅವನು ಕೇಳಿದ. ಕೊಂಕಣಿಯಲ್ಲಿ ನಾವು ಇಗರ್ಜ್, ಫೆಸ್ತ್ ಎನ್ನುತ್ತೇವೆ, ಅವರು ಇಗ್ಲೇಸಿಯಾ, ಫಿಯೆಸ್ತಾ ಎನ್ನುತ್ತಾರೆ. ಅಷ್ಟು ನೋವಿನಲ್ಲೂ ಅವನಿಗೆ ಅದು ಖುಷಿಯಾಯಿತು.

ಮನೆಯಲ್ಲಿ ಯಾರಿಗೆ ತಿಳಿಸಬೇಕು ಎಂದು ಕೇಳಿದೆ. ತಾಯಿ ಒಬ್ಬಳೇ ಎಂದ. ಹೆಸರು ಡೆಲ್ಮಿ. ತೇಲಾ ಎಂಬ ಕಡಲತೀರದ ಊರಿನಲ್ಲಿ ಮರಳ ಮೇಲೆ ಚಪ್ಪರ ಹಾಕಿ ಮೀನು ಹುರಿದು ಮಾರುತ್ತಾಳೆ. ನಂಬರು ಕೊಡು ಎಂದಾಗ ಮಾತ್ರ ಬೇಡವೆಂದು ತಲೆಯಾಡಿಸಿದ.

"ಈಗ ಬೇಡ ಮೇಡಂ. ಮುಂದಿನ ವಾರ ನಮ್ಮಲ್ಲಿ ದೊಡ್ಡ ರಜೆ. ಊರೆಲ್ಲ ಬೀಚಿಗೆ ಬರುತ್ತದೆ. ವರ್ಷದಲ್ಲಿ ಅವಳು ನಂಬಿರುವುದು ಈಸ್ಟರಿನ ವಾರ ಮತ್ತು ಈ ವಾರ. ಅದು ಮುಗಿಯಲಿ, ನಾನೇ ಹೇಳುತ್ತೇನೆ."

ಪ್ರಜ್ಞೆಯಲ್ಲಿರುವ ರೋಗಿ ಮನೆಯವರಿಗೆ ತಿಳಿಸಬೇಡಿ ಎಂದರೆ ನಾವು ತಿಳಿಸುವ ಹಾಗಿಲ್ಲ. ಅದು ಎಲ್ಲ ಆಸ್ಪತ್ರೆಗಳ ನಿಯಮ, ಒಳ್ಳೆಯ ನಿಯಮವೇ. ಮರುದಿನ ಶುಕ್ರವಾರ ಪ್ರವಾದಿಯವರ ಜನ್ಮದಿನದ ರಜೆ. ಅದಕ್ಕೆ ಶನಿವಾರ, ಭಾನುವಾರ ಸೇರಿ ಇಡೀ ಎಮಿರೇಟ್ಸಿಗೆ ಉದ್ದದ ವಾರಾಂತ್ಯ ಸಿಕ್ಕಿತ್ತು. ನಮ್ಮ ಕಟ್ಟಡದ ಅರ್ಧ ಜನ ಒಮಾನಿನ ಕಡೆಗೆ ಕಾರು ತಿರುಗಿಸಿದ್ದರು.

ಶನಿವಾರ ವಿಲ್ಮರನ ಉಸಿರು ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಇನ್ನು ಅವನನ್ನು ಕೇಳಿ ಮಾಡುವಂಥದ್ದು ಏನೂ ಉಳಿಯಲಿಲ್ಲ. ಇಂಥ ಸ್ಥಿತಿಯಲ್ಲಿ ನಿಯಮ ತಿರುಗುತ್ತದೆ. ಹತ್ತಿರದ ಸಂಬಂಧಿಯನ್ನು ಆದಷ್ಟು ಬೇಗ ಹುಡುಕಬೇಕು. ಐಸಿಯುವಿನ ಮುಖ್ಯ ಡಾಕ್ಟರು ಲೆಬನಾನಿನವರು, ಕಡಿಮೆ ಮಾತಿನವರು. ಅವರು ನನ್ನನ್ನು ಕರೆದು, ತಾಯಿ ಇದ್ದರೆ ಕರೆಸಿಕೊಳ್ಳಿ, ಆಮೇಲೆ ಎಂದು ಇಡಬೇಡಿ ಎಂದರು.

ಟಗ್ಗಿನ ಸಿಬ್ಬಂದಿಯನ್ನು ನೋಡಿಕೊಳ್ಳುತ್ತಿದ್ದ ಏಜೆನ್ಸಿಯಲ್ಲಿ ನನಗೆ ಪರಿಚಯವಿದ್ದವರು ಕಾಪುವಿನ ಸುಧಾಕರ ಶೆಟ್ಟರು. ಅವರು ಮನೆಯವರೊಂದಿಗೆ ಒಮಾನಿನ ಮುಸಂದಮಿನಲ್ಲಿದ್ದರು. ಬೆಟ್ಟಗಳ ನಡುವೆ ಸಿಗ್ನಲ್ ಇರಲಿಲ್ಲ. ಭಾನುವಾರ ಸಂಜೆ ಗಡಿ ದಾಟಿ ಈ ಕಡೆ ಬಂದ ಕೂಡಲೇ ನನ್ನ ಮೆಸೇಜುಗಳನ್ನು ನೋಡಿ, ಕಾರನ್ನು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಫೋನ್ ಮಾಡಿದರು. "ಏನು ಬಾಯಿ, ಆ ಹುಡುಗ ನಗುತ್ತಾ ಹೋದದ್ದಲ್ಲವಾ ಆಸ್ಪತ್ರೆಗೆ" ಎಂದರು. ಬಾಯಿ ಎಂದರೆ ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಮಾತು. ಮನೆಗೆ ಹೋಗದೆ ನೇರ ಆಫೀಸಿಗೆ ಹೋಗಿ ತಾಯಿಯ ನಂಬರು ತೆಗೆದು ಕಳಿಸಿದರು.

ಸೋಮವಾರ, ಮಂಗಳವಾರ ನಾವು ಆ ನಂಬರಿಗೆ ಮಾಡುತ್ತಲೇ ಇದ್ದೆವು. ರಿಂಗ್ ಆಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ನಮ್ಮ ಆಸ್ಪತ್ರೆಯ ಡಯಟೀಶಿಯನ್ ಪಾವ್ಲಾ ಕೊಲಂಬಿಯಾದವಳು, ಸ್ಪ್ಯಾನಿಷ್ ಅವಳ ತಾಯ್ನುಡಿ. ಅವಳನ್ನು ಜೊತೆಗೆ ಕೂರಿಸಿಕೊಂಡಿದ್ದೆ. ಆ ದೇಶಗಳಲ್ಲಿ ಅಂಗಡಿ ಇಟ್ಟವರು ಗೊತ್ತಿಲ್ಲದ ನಂಬರನ್ನು ಎತ್ತುವುದಿಲ್ಲ ಎಂದಳು. ಹಫ್ತಾ ಕೇಳುವವರು ಹಾಗೆಯೇ ಫೋನ್ ಮಾಡುವುದಂತೆ. ಪರದೇಶದ ನಂಬರಾದರೆ ಇನ್ನೂ ಹೆದರುತ್ತಾರೆ. ಸ್ಪ್ಯಾನಿಷಿನಲ್ಲಿ ಮೆಸೇಜ್ ಹಾಕಿದೆವು. ಅದನ್ನೂ ಯಾರೂ ಓದಲಿಲ್ಲ.

ವಿಲ್ಮರನ ಮೊಬೈಲು ಅವನ ಬ್ಯಾಗಿನಲ್ಲಿತ್ತು, ಲಾಕ್ ಆಗಿತ್ತು. ಪ್ರಜ್ಞೆಯಿಲ್ಲದವನ ಬೆರಳು ಹಿಡಿದು ಅದನ್ನು ತೆರೆಯುವುದಕ್ಕೆ ಆಡಳಿತ ಒಪ್ಪುವುದಿಲ್ಲ, ಒಪ್ಪಬಾರದು. ಆದರೆ ಬಂದ ಕರೆಯನ್ನು ಎತ್ತಬಹುದಿತ್ತು. ಸೆಕ್ಯೂರಿಟಿಯವರಿಂದ ಸಹಿ ಹಾಕಿ ಪಡೆದು, ಚಾರ್ಜಿಗೆ ಹಾಕಿ ಐಸಿಯುವಿನ ನರ್ಸುಗಳ ಮೇಜಿನ ಮೇಲಿಟ್ಟೆ. ಬುಧವಾರ ಬೆಳಿಗ್ಗೆ ನಾನು ಬಂದಾಗ, ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವ ಪಾಲಕ್ಕಾಡಿನ ನರ್ಸ್ ಶೈನಿ ಫೋನ್ ಹಿಡಿದುಕೊಂಡು ಎದುರಿಗೆ ಬಂದಳು. "ಐರಿನ್ ಚೇಚಿ, ಇವರ ಮಾಮ ಫೋನ್ ಮಾಡ್ತಾ ಇದ್ದಾರೆ" ಎಂದಳು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಮಾಮಾ ಎಂದಿತ್ತು. ಅವರ ಭಾಷೆಯಲ್ಲಿ ಹಾಗೆಂದರೆ ಅಮ್ಮ.

ತೇಲಾದಲ್ಲಿ ಆಗ ಮಂಗಳವಾರದ ಸಂಜೆ. ನಮಗಿಂತ ಅವರು ಹತ್ತು ಗಂಟೆ ಹಿಂದೆ. ಮಗ ಒಂದು ವಾರದಿಂದ ಮೆಸೇಜ್ ಹಾಕಿಲ್ಲವಲ್ಲ ಎಂದು ಅವಳೇ ಮಾಡಿದ್ದಳು. ಪಾವ್ಲಾ ಓಡಿ ಬಂದಳು. ನಾನು ವಾಕ್ಯ ವಾಕ್ಯವಾಗಿ ಹೇಳುತ್ತಾ ಹೋದೆ, ಅವಳು ತಿರುಗಿಸುತ್ತಾ ಹೋದಳು.  ಹಡಗಿನಲ್ಲಿ ಅವನ ಮೇಲೆ ಏನಾದರೂ ಬಿತ್ತೇ, ಯಾರಾದರೂ ಹೊಡೆದರೇ ಎಂದು ಡೆಲ್ಮಿ ಎರಡೆರಡು ಸಲ ಕೇಳಿದಳು. ಕಾಯಿಲೆ ಎಂದು ಖಾತ್ರಿಯಾದ ಮೇಲೆ, ನಾನು ಬರುತ್ತೇನೆ ಎಂದಳು. ಆ ದೇಶದವರಿಗೆ ಇಲ್ಲಿಗೆ ಬರಲು ಮೊದಲೇ ವೀಸಾ ಬೇಕಿರಲಿಲ್ಲ, ವಿಮಾನ ನಿಲ್ದಾಣದಲ್ಲೇ ಮುದ್ರೆ ಒತ್ತುತ್ತಿದ್ದರು. ಟಿಕೆಟನ್ನು ಶೆಟ್ಟರ ಕಂಪನಿ ಕೊಡುತ್ತಿತ್ತು. ಬೇಕಾದದ್ದು ಪಾಸ್‌ಪೋರ್ಟ್ ಒಂದೇ. ಅದು ಅವಳ ಬಳಿ ಇರಲಿಲ್ಲ. ದೇಶ ಬಿಟ್ಟು ಹೊರಗೆ ಕಾಲಿಟ್ಟವಳೇ ಅಲ್ಲ.

ಆಗ ಪಾವ್ಲಾ ಫೋನಿನಿಂದ ಮುಖ ಸರಿಸಿ ನನ್ನನ್ನು ನೋಡಿದಳು. ರಜೆ ನಾಳೆ ಮಧ್ಯಾಹ್ನದಿಂದ ಶುರು ಎಂದು ತಾಯಿ ಹೇಳುತ್ತಿದ್ದಾಳೆ ಎಂದಳು.

ಆ ರಜೆಯ ಬಗ್ಗೆ ನಾನು ಆಮೇಲೆ ತಿಳಿದುಕೊಂಡೆ. ಹೊಂಡುರಾಸಿನಲ್ಲಿ ಅಕ್ಟೋಬರಿನಲ್ಲಿ ಮೂರು ರಾಷ್ಟ್ರೀಯ ರಜೆಗಳಿದ್ದವು. ಮೂರನೇ ತಾರೀಕು ಹಳೆಯ ಕಾಲದ ಒಬ್ಬ ರಾಷ್ಟ್ರನಾಯಕನ ಹುಟ್ಟಿದ ದಿನ, ಹನ್ನೆರಡು ಕೊಲಂಬಸ್ ಅಮೆರಿಕ ಖಂಡದ ನೆಲ ಕಂಡ ದಿನ, ಇಪ್ಪತ್ತೊಂದು ಸೇನಾ ದಿನ. ಬಿಡಿ ಬಿಡಿ ರಜೆಗಳಿಂದ ಯಾರಿಗೂ ಉಪಯೋಗವಿಲ್ಲವೆಂದು ಕೆಲವು ವರ್ಷಗಳ ಹಿಂದೆ ಸರ್ಕಾರ ಮೂರನ್ನೂ ಕಟ್ಟಿ ಅಕ್ಟೋಬರಿನ ಮೊದಲ ವಾರಕ್ಕೆ ತಂದಿತು. ಬುಧವಾರ ಮಧ್ಯಾಹ್ನದಿಂದ ಶನಿವಾರ ಮಧ್ಯಾಹ್ನದವರೆಗೆ. ಜನ ಊರೂರು ಸುತ್ತಲಿ, ಕಡಲತೀರದ ಅಂಗಡಿಯವರಿಗೆ ವ್ಯಾಪಾರವಾಗಲಿ ಎಂಬುದು ಉದ್ದೇಶ. ಆ ಉದ್ದೇಶ ಈಡೇರಿದೆ ಎನ್ನುವುದಕ್ಕೆ ಡೆಲ್ಮಿಯ ಚಪ್ಪರವೇ ಸಾಕ್ಷಿ. ಅವಳು ಬದುಕಿದ್ದೇ ಆ ರಜೆಯಿಂದ.

ಮರುದಿನ ಬುಧವಾರ ನಸುಕಿನ ಬಸ್ಸಿಗೆ ಅವಳು ಸಾನ್ ಪೆದ್ರೊ ಸೂಲಾ ಎಂಬ ನಗರಕ್ಕೆ ಹೊರಟಳು. ಪಾಸ್‌ಪೋರ್ಟ್ ಕಚೇರಿ ಇರುವುದು ಅಲ್ಲಿ. ಮಧ್ಯಾಹ್ನದಿಂದ ರಜೆಯಾದ್ದರಿಂದ ಜನ ಕಚೇರಿಯ ಬಾಗಿಲಿನಿಂದ ಬೀದಿಯವರೆಗೆ ನಿಂತಿದ್ದರು. ತನ್ನ ಕಥೆಯನ್ನು ಕಾವಲುಗಾರನಿಗೆ ಹೇಳಿದಳಂತೆ. ಅವನು ಮುಂದೆ ನಿಂತವರಿಗೆ ಹೇಳಿದನಂತೆ. ನಾಲ್ಕೈದು ಜನ ಜಾಗ ಬಿಟ್ಟುಕೊಟ್ಟರು. ಅವರ ಮುಂದಿದ್ದವರಿಗೂ ಅವರವರ ತುರ್ತು ಇತ್ತು. ಮಧ್ಯಾಹ್ನ ಕೌಂಟರ್ ಮುಚ್ಚಿದಾಗ ಅವಳ ಮುಂದೆ ಇನ್ನೂ ಜನವಿದ್ದರು. ಒಳಗಿನ ಹೆಂಗಸೊಬ್ಬಳು ಹೊರಗೆ ಬಂದು, ಯಂತ್ರಗಳನ್ನು ಆರಿಸಿಯಾಯಿತು ಅಮ್ಮ, ಸೋಮವಾರ ಬನ್ನಿ, ನಿಮ್ಮನ್ನೇ ಮೊದಲು ಕರೆಯುತ್ತೇನೆ ಎಂದು ಕೈ ಹಿಡಿದು ಹೇಳಿದಳಂತೆ. ಗುರುವಾರ ಬೆಳಿಗ್ಗೆ ಪಾವ್ಲಾ ನನಗೆ ಇದನ್ನು ಹೇಳುವಾಗ ನಾನು ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಲು ಹುಡುಕಿದೆ. ಯಾರೂ ಸಿಗಲಿಲ್ಲ.

ಸುಮ್ಮನೆ ಕೂರಲಿಲ್ಲ ನಾವು. ಆ ದೇಶದ ರಾಯಭಾರ ಕಚೇರಿಗಳ ವಿಳಾಸಗಳನ್ನು ಹುಡುಕಿ ಮೇಲ್ ಮಾಡಿದೆವು. ಉತ್ತರ ಕೊಟ್ಟವರು ಸಹಾನುಭೂತಿ ತೋರಿಸಿದರು, ಆದರೆ ಪಾಸ್‌ಪೋರ್ಟ್ ಮುದ್ರಿಸುವ ಯಂತ್ರ ಅವರ ಕೈಯಲ್ಲಿರಲಿಲ್ಲ. ಶೆಟ್ಟರು ಹಡಗಿನ ಕೆಲಸಕ್ಕೆ ಜನ ಕಳಿಸುವ ಅಲ್ಲಿನ ಏಜೆಂಟನನ್ನು ಹಿಡಿದರು. ಅವನು ರಜೆಗೆಂದು ಸಂಸಾರದೊಂದಿಗೆ ಒಂದು ದ್ವೀಪಕ್ಕೆ ಹೋಗಿದ್ದ. ಯಾರಾದರೂ ದೊಡ್ಡವರಿಗೆ ಹೇಳಿ ಬಾಗಿಲು ತೆರೆಸಬಹುದೇ ಎಂದು ಕೇಳಿದಾಗ, ದೊಡ್ಡವರೂ ರಜೆಯಲ್ಲೇ ಇದ್ದಾರೆ ಎಂದ. ಶೆಟ್ಟರು ಫೋನ್ ಇಟ್ಟು, "ಖಲಾಸ್ ಬಾಯಿ, ಸೋಮವಾರವೇ ಗತಿ" ಎಂದರು. ತಾಯಿಯ ಟಿಕೆಟಿಗೆ ದಾರಿ ಮಾತ್ರ ಹುಡುಕಿಟ್ಟರು. ಅಮೆರಿಕದಲ್ಲಿ ವಿಮಾನ ಬದಲಿಸಲೂ ಅಲ್ಲಿನ ವೀಸಾ ಬೇಕು. ಅದಕ್ಕೆ ಪನಾಮಾ, ಇಸ್ತಾಂಬುಲ್ ಮೇಲೆ ಸುತ್ತಿ ಬರುವ ಹಾಗೆ ಸೀಟು ಹಿಡಿದರು.

ಶುಕ್ರವಾರ ಬೆಳಿಗ್ಗೆ, ಅಂದರೆ ಅವಳಿಗೆ ಗುರುವಾರದ ಸಂಜೆ, ನಾವು ವೀಡಿಯೊ ಕರೆ ಮಾಡಿದೆವು. ಶೈನಿ ಟ್ಯಾಬ್ಲೆಟನ್ನು ಹಾಸಿಗೆಯ ಪಕ್ಕ ಹಿಡಿದಳು. ಅಷ್ಟರಲ್ಲಿ ವಿಲ್ಮರನ ಮೂತ್ರಪಿಂಡಗಳೂ ನಿಂತು ಡಯಾಲಿಸಿಸ್ ನಡೆಯುತ್ತಿತ್ತು. ಮುಖ ಊದಿ ಗುರುತು ಸಿಗದ ಹಾಗಿತ್ತು. ನೋಡುವ ಮೊದಲು ಅವಳಿಗೆ ಹೇಳಿ ಸಿದ್ಧಪಡಿಸು ಎಂದು ಪಾವ್ಲಾಗೆ ಹೇಳಿದ್ದೆ. ಆ ಕಡೆ ಡೆಲ್ಮಿಯ ಹಿಂದೆ ಬಣ್ಣದ ಬಲ್ಬುಗಳು, ಜೋರಾದ ಸಂಗೀತ, ಪ್ಲೇಟು ಹಿಡಿದ ಜನ. ಅವಳು ಏಪ್ರನ್ ಕಟ್ಟಿಕೊಂಡಿದ್ದಳು. ಚಪ್ಪರ ತೆರೆದಿದ್ದಾಳಲ್ಲ ಎಂದು ನನಗೆ ಆಶ್ಚರ್ಯವಾದದ್ದು ನಿಜ. ಅದು ಅವಳಿಗೆ ತಿಳಿಯಿತೋ ಏನೋ, ತಾನಾಗಿಯೇ ಹೇಳಿದಳು. "ಮನೆಯಲ್ಲಿ ಕೂತರೆ ನನಗೆ ಹುಚ್ಚು ಹಿಡಿಯುತ್ತದೆ. ಇಲ್ಲಿ ಎಣ್ಣೆಯ ಮುಂದೆ ನಿಂತರೆ ಕೈಗಾದರೂ ಕೆಲಸವಿರುತ್ತದೆ."

ಫೋನನ್ನು ತೆಗೆದುಕೊಂಡು ಅವಳು ಚಪ್ಪರದ ಹಿಂದಕ್ಕೆ ಹೋದಳು. ಅಲ್ಲಿ ಪಾತ್ರೆ ತೊಳೆಯುವ ಜಾಗ. ಅಲ್ಲಿಯೂ ಸಂಗೀತ ಕೇಳಿಸುತ್ತಿತ್ತು. ಮಗನನ್ನು ನೋಡಿದಳು.  ಆಮೇಲೆ ಮೆಲ್ಲನೆ ಊರಿನ ಸುದ್ದಿ ಹೇಳಲು ಶುರು ಮಾಡಿದಳು. ಪಕ್ಕದ ಮನೆಯವನು ದೋಣಿಗೆ ಹೊಸ ಬಣ್ಣ ಬಳಿದದ್ದು, ನಾಯಿ ಮರಿ ಹಾಕಿದ್ದು, ಈ ಸಲ ರಜೆಗೆ ಜನ ಹೆಚ್ಚು ಬಂದದ್ದು. ಪಾವ್ಲಾ ನನಗೆ ತಿರುಗಿಸಿ ಹೇಳುವುದನ್ನು ನಡುವೆ ನಿಲ್ಲಿಸಿದಳು. ನಾನೂ ಕೇಳಲಿಲ್ಲ. ಶನಿವಾರವೂ ಭಾನುವಾರವೂ ಅದೇ ಹೊತ್ತಿಗೆ ಕರೆ ಮಾಡಿದೆವು. ಶೈನಿಗೆ ಭಾನುವಾರ ರಜೆ ಇತ್ತು, ಆದರೂ ಆ ಹೊತ್ತಿಗೆ ಬಂದು ಟ್ಯಾಬ್ಲೆಟ್ ಹಿಡಿದು ಹೋದಳು.

ಸೋಮವಾರ ಕಚೇರಿಯ ಹೆಂಗಸು ಮಾತು ಉಳಿಸಿಕೊಂಡಳು. ಬಾಗಿಲು ತೆರೆದ ಕೂಡಲೇ ಡೆಲ್ಮಿಯನ್ನು ಹೆಸರು ಹಿಡಿದು ಕರೆದಳಂತೆ. ಅವತ್ತೇ ಪಾಸ್‌ಪೋರ್ಟ್ ಕೈಗೆ ಬಂತು. ಅದರ ಫೋಟೊ ತೆಗೆದು ಪಾವ್ಲಾಗೆ ಕಳಿಸಿದಳು. ಶೆಟ್ಟರು ಮಂಗಳವಾರ ಬೆಳಗಿನ ವಿಮಾನಕ್ಕೆ ಟಿಕೆಟ್ ಮಾಡಿದರು. ಇಲ್ಲಿಯ ವಿಮಾನ ನಿಲ್ದಾಣದಿಂದ ಕರೆತರುವುದು ಯಾರು, ಅವಳು ಎಲ್ಲಿ ಉಳಿಯುವುದು ಎಂದು ಮಾತಾಯಿತು. ಪಾವ್ಲಾ ತನ್ನ ಮನೆಯಲ್ಲೇ ಎಂದಳು. ಡಾಕ್ಟರು ಮಾತ್ರ ಆ ರಾತ್ರಿ ರೌಂಡ್ಸಿನಲ್ಲಿ ನನ್ನನ್ನು ನೋಡಿ, ತಾಯಿ ಎಷ್ಟು ಹೊತ್ತಿಗೆ ಮುಟ್ಟುತ್ತಾರೆ ಎಂದು ಎರಡು ಸಲ ಕೇಳಿದರು. ಅವರು ಎರಡು ಸಲ ಕೇಳಿದರೆ ಏನರ್ಥ ಎಂಬುದು ನನಗೆ ಗೊತ್ತಿತ್ತು.

ಮಂಗಳವಾರ ಮಧ್ಯಾಹ್ನದ ಮೇಲೆ ವಿಲ್ಮರ್ ತೀರಿಕೊಂಡ. ರಕ್ತಕ್ಕೆ ಹರಡಿದ ಸೋಂಕಿನಿಂದ ರಕ್ತದೊತ್ತಡ ಇಳಿಯುತ್ತಾ ಹೋಯಿತು, ಔಷಧಿ ಏರಿಸುತ್ತಾ ಹೋದರು, ಒಂದು ಹಂತದ ಮೇಲೆ ಏರಿಸಲು ಏನೂ ಇರಲಿಲ್ಲ. ಸಾನ್ ಪೆದ್ರೊ ಸೂಲಾದಲ್ಲಿ ಆಗ ಬೆಳಗಾಗುತ್ತಿತ್ತು. ತಾಯಿ ವಿಮಾನ ನಿಲ್ದಾಣದ ದಾರಿಯಲ್ಲಿದ್ದಳು.

ಶೆಟ್ಟರು ಆಸ್ಪತ್ರೆಗೇ ಬಂದಿದ್ದರು. ನಾವಿಬ್ಬರೂ ಐಸಿಯುವಿನ ಹೊರಗಿನ ಕಾರಿಡಾರಿನಲ್ಲಿ ನಿಂತೆವು. ಅವರಿಗೆ ಕಂಪನಿಯಿಂದ ಆಗಲೇ ಫೋನ್ ಬಂದಿತ್ತು. ಇನ್ನು ತಾಯಿ ಬಂದು ಪ್ರಯೋಜನವೇನು ಎಂಬ ಮಾತು ಅಲ್ಲಿ ನಡೆದಿತ್ತು. ಅದನ್ನು ಅವರು ನನಗೆ ಹೇಳಿ, ತಾನು ಟಿಕೆಟ್ ಕ್ಯಾನ್ಸಲ್ ಮಾಡಿಲ್ಲ ಎಂದರು.

"ಬಾಯಿ, ಈಗ ಹೇಳುವುದಾ, ಬಂದು ಇಳಿದ ಮೇಲೆ ಹೇಳುವುದಾ? ಈಗ ಹೇಳಿದರೆ ಅಷ್ಟು ದೊಡ್ಡ ಏರ್‌ಪೋರ್ಟಿನಲ್ಲಿ ಅವರು ಒಬ್ಬರೇ. ಹೇಳದೆ ಹತ್ತಿಸಿದರೆ ದಾರಿಯುದ್ದಕ್ಕೂ ಮಗ ಇದ್ದಾನೆ ಎಂದುಕೊಂಡೇ ಬರುತ್ತಾರೆ."

ಇಂಥದ್ದಕ್ಕೆ ನಮ್ಮಲ್ಲಿ ನಿಯಮವಿದೆ. ಸಾವನ್ನು ಹತ್ತಿರದವರಿಗೆ ತಡಮಾಡದೆ ತಿಳಿಸಬೇಕು. ಆದರೆ ನಾನು ಆಗ ನಿಯಮವನ್ನು ನೆನೆಯಲಿಲ್ಲ. ಎರಡು ಸಲ ವಿಮಾನ ಬದಲಿಸಿ, ಗುರುತಿಲ್ಲದ ನಿಲ್ದಾಣಗಳಲ್ಲಿ ಮಗನಿಗಾಗಿ ಅವಸರಪಡುತ್ತಾ ಓಡುವ ಆ ಹೆಂಗಸನ್ನು ನೆನೆದೆ. ಆ ಅವಸರ ಸುಳ್ಳಾಗಿರುವಾಗ ಅವಳನ್ನು ಓಡಿಸುವ ಹಕ್ಕು ನಮಗಿಲ್ಲ ಅನಿಸಿತು. ಈಗಲೇ ಹೇಳೋಣ ಶೆಟ್ರೇ ಎಂದೆ. ಅವರು ತಲೆ ತಗ್ಗಿಸಿ ಹೂಂ ಎಂದರು.

ಪಾವ್ಲಾ ಫೋನ್ ಮಾಡಿದಳು. ಮೊದಲು, ಪಕ್ಕದಲ್ಲಿ ಕೂರಲು ಜಾಗವಿದೆಯೇ ಎಂದು ಕೇಳಿದಳು. ಅಷ್ಟಕ್ಕೇ ಆ ಕಡೆ ಅರ್ಥವಾಯಿತು. ಹಿಂದೆ ವಿಮಾನಗಳ ಘೋಷಣೆ ಕೇಳಿಸುತ್ತಿತ್ತು.  ಆಮೇಲೆ ಡೆಲ್ಮಿ ಕೇಳಿದಳು. "ಅವನ ಹತ್ತಿರ ಯಾರಿದ್ದರು?"

ಶೈನಿ ಎಂಬ ನರ್ಸ್ ಇದ್ದಳು, ಫೋನ್ ಹಿಡಿಯುತ್ತಿದ್ದಳಲ್ಲ ಅವಳೇ, ಕೈ ಹಿಡಿದುಕೊಂಡಿದ್ದಳು ಎಂದೆ. ಅದು ನಿಜವಾಗಿತ್ತು. ಅವಳ ಮುಖ ನನಗೆ ಗೊತ್ತು ಎಂದಳು ಡೆಲ್ಮಿ.

ನೀವು ಈಗಲೂ ಬರಬಹುದು, ಟಿಕೆಟ್ ಹಾಗೆಯೇ ಇದೆ ಎಂದು ಹೇಳಿಸಿದೆ. ಅವಳು ಇನ್ನೊಂದು ಪ್ರಶ್ನೆ ಕೇಳಿದಳು. "ನಾನು ಬಂದರೆ ವಾಪಸಾಗುವ ವಿಮಾನದಲ್ಲಿ ಅವನನ್ನು ಜೊತೆಗೆ ಕರೆದುಕೊಂಡು ಹೋಗಲು ಬಿಡುತ್ತೀರಾ?"

ನಾನು ಶೆಟ್ಟರ ಮುಖ ನೋಡಿದೆ. ಪರದೇಶಿಯ ದೇಹ ಇಲ್ಲಿಂದ ಹೊರಡಬೇಕಾದರೆ ಮರಣ ಪ್ರಮಾಣಪತ್ರ, ಪೊಲೀಸ್ ಅನುಮತಿ, ದೇಹ ಕೆಡದಂತೆ ಎಂಬಾಮ್ ಮಾಡಿದ ದಾಖಲೆ, ಅವರ ದೇಶದವರ ಮುದ್ರೆ, ದಾರಿಯ ಪ್ರತಿ ದೇಶದ ಒಪ್ಪಿಗೆ ಬೇಕು. ವಾರಗಳ ಕೆಲಸ. ಅಷ್ಟು ದಿನ ಅವಳು ಇಲ್ಲಿ ಏನು ಮಾಡಬೇಕು? ಶವಾಗಾರದ ಬಾಗಿಲನ್ನು ದಿನಾ ತೆರೆಯುವುದಿಲ್ಲ. ಮಾತು ಕೊಡಲು ಆಗುವುದಿಲ್ಲ ಎಂದು ಹೇಳಿಸಿದೆ.

"ಹಾಗಾದರೆ ನಾನು ಮನೆಗೆ ಹೋಗುತ್ತೇನೆ. ಅವನು ಬರುವಾಗ ಮನೆಯಲ್ಲಿ ಯಾರಾದರೂ ಇರಬೇಕಲ್ಲ" ಎಂದಳು.

ಅವಳ ಬ್ಯಾಗು ಆಗಲೇ ಒಳಗೆ ಹೋಗಿತ್ತು. ಅದನ್ನು ಹಿಂದಕ್ಕೆ ತರಿಸಿಕೊಳ್ಳಲು ಪಾವ್ಲಾ ವಿಮಾನದ ಕೌಂಟರಿನವರ ಜೊತೆ ಫೋನಿನಲ್ಲೇ ಮಾತಾಡಿದಳು. ಅದರಲ್ಲಿ ವಿಲ್ಮರನ ಬಟ್ಟೆಗಳಿದ್ದವಂತೆ, ಗುಣವಾದ ಮೇಲೆ ಹಾಕಿಕೊಳ್ಳಲು.

ದೇಹ ಕಳಿಸುವ ಕೆಲಸವನ್ನು ಶೆಟ್ಟರೇ ಮಾಡಿದರು. ಒಂದು ಮುದ್ರೆಗಾಗಿ ಅಬುಧಾಬಿಗೆ ಹೋಗಿ ಬಂದರು, ಅದು ಸಾಲದೆಂದು ಮತ್ತೆ ಹೋದರು. ನಡುವೆ ಕಾಗದವೊಂದರಲ್ಲಿ, ಅವರಲ್ಲಿ ಹೆಸರಿನ ಕೊನೆಗೆ ಬರುವ ತಾಯಿಯ ಕಡೆಯ ಅಡ್ಡಹೆಸರು ಬಿಟ್ಟುಹೋಗಿ ಎಲ್ಲವೂ ಮೊದಲಿನಿಂದ ಆಯಿತು. ಇಲ್ಲಿಂದ ದೇಹ ಹೊರಟ ದಿನ ಶೈನಿ ತನ್ನ ಜಪಮಾಲೆಯನ್ನು ಕೊಟ್ಟು ಪೆಟ್ಟಿಗೆಯಲ್ಲಿಡಬಹುದೇ ಎಂದು ಕೇಳಿದಳು. ಪೆಟ್ಟಿಗೆಗೆ ಆಗಲೇ ಸೀಲ್ ಹಾಕಿಯಾಗಿತ್ತು. ಹೊಂಡುರಾಸಿಗೆ ತಲುಪಿದ ಮೇಲೆ ಡೆಲ್ಮಿಯಿಂದ ಪಾವ್ಲಾಗೆ ಎರಡು ಸಾಲಿನ ಮೆಸೇಜ್ ಬಂತು. ಮುಖ ನೋಡಲು ಬಿಡಲಿಲ್ಲ, ಪೆಟ್ಟಿಗೆ ತೆರೆಯುವ ಸ್ಥಿತಿಯಲ್ಲಿಲ್ಲ ಎಂದರು ಎಂದಷ್ಟೇ ಇತ್ತು. ಆಮೇಲೆ ಪಾವ್ಲಾ ಕಳಿಸಿದ ಮೆಸೇಜುಗಳಿಗೆ ಉತ್ತರ ಬರಲಿಲ್ಲ.

ಈ ಪ್ರಕರಣದ ನಂತರ ನಮ್ಮ ವಿಭಾಗದಲ್ಲಿ ಒಂದು ಬದಲಾವಣೆ ಮಾಡಿಸಿದೆ. ಗಂಭೀರವಾಗಬಹುದಾದ ಕಾಯಿಲೆಯ ರೋಗಿಯನ್ನು ದಾಖಲು ಮಾಡುವಾಗಲೇ ಮನೆಯವರ ಹೆಸರಿನ ಜೊತೆ, ಅವರಲ್ಲಿ ಯಾರಿಗೆ ಪಾಸ್‌ಪೋರ್ಟ್ ಇದೆ ಎಂದೂ ಕೇಳಬೇಕು. ಅವರ ದೇಶದ ಮುಂದಿನ ಎರಡು ವಾರದ ರಜೆಗಳನ್ನು ನಾವು ನೋಡಿಟ್ಟುಕೊಳ್ಳಬೇಕು. ಆಡಳಿತ ಒಪ್ಪಿತು. ಒಳ್ಳೆಯ ವ್ಯವಸ್ಥೆ ಎಂದು ಎಲ್ಲರೂ ಹೇಳಿದರು. ತಾಯಿಗೆ ಈಗ ಹೇಳಬೇಡಿ ಎಂದವನು ಅವನೇ ಆದ್ದರಿಂದ, ಅದು ವಿಲ್ಮರನ ವಿಷಯದಲ್ಲಿ ಏನನ್ನೂ ಬದಲಿಸುತ್ತಿರಲಿಲ್ಲ ಎಂಬುದು ನನಗೆ ಗೊತ್ತು.

ಪಾಸ್‌ಪೋರ್ಟ್ ಇದೆಯೇ ಎಂದು ಕೇಳಿದ ಕೂಡಲೇ ಹಾಸಿಗೆಯಲ್ಲಿರುವವನು ನನ್ನ ಮುಖವನ್ನೇ ನೋಡುತ್ತಾನೆ. ಕಾಯಿಲೆ ಅಷ್ಟೊಂದು ಜೋರಾ ಎಂದು ಅವನ ಕಣ್ಣು ಕೇಳುತ್ತದೆ. ಎಲ್ಲರನ್ನೂ ಕೇಳುತ್ತೇವೆ ಎನ್ನುತ್ತೇನೆ. ಇದೆ ಎಂದವರ ಮನೆಯವರಲ್ಲಿ ಕೆಲವರು ಹೊತ್ತಿಗೆ ಸರಿಯಾಗಿ ಬಂದು ಮುಟ್ಟಿದ್ದಾರೆ. ಆದರೆ ದೂರದ ಊರುಗಳ ತಾಯಂದಿರಲ್ಲಿ ಹೆಚ್ಚಿನವರಿಗೆ ಪಾಸ್‌ಪೋರ್ಟ್ ಇರುವುದಿಲ್ಲ. ಇರಬೇಕಾದ ಕಾರಣ ಅವರಿಗೆ ಯಾವತ್ತೂ ಬಂದಿರುವುದಿಲ್ಲ. ಕಾರಣ ಬಂದ ದಿನ ಮಾಡಿಸಲು ಹೊರಟರೆ ತಡವಾಗಿರುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನು, ಇದಕ್ಕೆ ಪರಿಹಾರವನ್ನಲ್ಲ.  ಇಲ್ಲ ಎಂದರೆ ಸರಿ ಎಂದು ಬರೆದುಕೊಂಡು, ಮುಂದಿನ ಹಾಸಿಗೆಗೆ ಹೋಗುತ್ತೇನೆ.